ಏಟಿನ ಅಳತೆ

ಜತ್ತ ತಾಲೂಕಿನ ಮೂಡಣ ಸೀಮೆಯಲ್ಲಿ, ಎಂದರೆ ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರ ಮೊದಲಾದ ಊರುಗಳ ಸುತ್ತಲ ಕನ್ನಡ ನಾಡಿನಲ್ಲಿ, ಜೋಳದ ಕೊಯ್ಲು ಮುಗಿದು ಹೊಲಗಳು ಬಯಲಾದ ಮೇಲೆ ಹುಡುಗರು ಆಡಿಕೊಂಡು ಬಂದ ಚಿಣಿಪಣಿ ಆಟದಲ್ಲಿ ಹೊಡೆಯುವ ಕೌಶಲಕ್ಕೆ ಎಷ್ಟು ಮಾನ್ಯತೆಯುಂಟೋ ಅಳೆಯುವ ಶಾಸ್ತ್ರಕ್ಕೂ ಅಷ್ಟೇ ಮಾನ್ಯತೆಯುಂಟೆಂಬುದನ್ನು ಬಾಲ್ಯದಲ್ಲಿ ಅದನ್ನಾಡಿದವರೆಲ್ಲರೂ ಬಲ್ಲರು. ನೆಲದಲ್ಲಿ ತೋಡಿದ ಒಂದು ಗುಳಿ, ಎರಡು ತುದಿಗಳನ್ನೂ ಕೆತ್ತಿ ಚೂಪುಮಾಡಿದ ಗೇಣಿಗೂ ಕಿರಿದಾದ ಒಂದು ಚಿಣಿ, ಮೊಳಕ್ಕೆ ಮೀರಿದ ಒಂದು ಕೋಲು, ಇವಿಷ್ಟೇ ಅದರ ಸಾಮಗ್ರಿ. ತುದಿಯ ಮೇಲೆ ತಟ್ಟಿದಾಗ ಮೇಲೆದ್ದ ಚಿಣಿಯನ್ನು ಗಾಳಿಯಲ್ಲಿಯೇ ಹೊಡೆದು ದೂರಕ್ಕೆ ಅಟ್ಟಿದವನು, ಅದು ಬಿದ್ದ ಠಾವಿನಿಂದ ಗುಳಿಯವರೆಗಿನ ಅಂತರವನ್ನು, ಹೊಡೆದ ಆ ಕೋಲನ್ನೇ ನೆಲಕ್ಕೆ ಮಲಗಿಸಿ ಮಲಗಿಸಿ ಅಳೆಯುವನು; ಎದುರು ಪಕ್ಷದವರು ಅವನ ಬೆನ್ನ ಹಿಂದೆಯೇ ಬಗ್ಗಿ ನಡೆಯುತ್ತ, ಕೋಲಿನ ತುದಿ ಬೆರಳಗಲ ಹಿಂದೆ ಸರಿಯಿತೆಂದು ಕಂಡರೂ ಸಾಕು, ಕೂಗೆಬ್ಬಿಸಿ ಮೊದಲಿನಿಂದ ಅಳೆಯಿಸುವರು. ಮಹಾರಾಷ್ಟ್ರದ ಒಳನಾಡಿನಲ್ಲಿ, ಕನ್ನಡ ಮಾತು ಕಿವಿಗೆ ಬೀಳದ ಊರುಗಳ ಹುಡುಗರು ಸಹ ಇದನ್ನೇ ವಿಟಿದಾಂಡು ಎಂದು ಕರೆದು ಆಡುವಾಗ ವಕಟ, ಲೇಂಡ, ಮೂಂಡ, ನಾಲ ಎಂದು ದಕ್ಷಿಣದ ಭಾಷೆಗಳ ಸಂಖ್ಯೆಗಳಿಂದಲೇ ಅಳತೆಯನ್ನು ಎಣಿಸುತ್ತಿದ್ದರೆಂಬುದು, ಗಡಿಗಳನ್ನು ಕಾಗದದ ಮೇಲೆ ಎಳೆಯುವುದಕ್ಕೆ ಬಹುಪೂರ್ವದ ಸಹವಾಸಕ್ಕೆ ಸಾಕ್ಷಿಯಾಗಿದೆ. ಅಳತೆ ಯಾವ ಸಂಖ್ಯೆಯ ಮೇಲೆ ಬಂದು ನಿಂತಿತೋ ಆ ಸಂಖ್ಯೆಗೆ ವಿಧಿಸಿದ ಭಂಗಿಯಲ್ಲಿಯೇ ಮುಂದಿನ ಏಟನ್ನು ಹೊಡೆಯತಕ್ಕದ್ದೆಂಬ ಪದ್ಧತಿಯೊಂದು ಆ ಆಟದಲ್ಲುಂಟು. ಅಳೆದುದರ ಫಲ ಮುಂದಣ ಏಟಿನಲ್ಲಿ ಕಾಣಬೇಕು, ಇಲ್ಲವಾದರೆ ಅಳೆದುದೇ ವ್ಯರ್ಥವೆಂಬ ತತ್ತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ವಿಧಿಸಿದ ಆಟ ಮತ್ತೊಂದನ್ನು ನಾನು ಕಾಣೆ.

ಪ್ರಸ್ತುತ ಬರೆಯಹೊರಟಿರುವುದು ಚಿಣಿಪಣಿಯ ವಿಷಯವನ್ನಲ್ಲ, ಅದರ ದೂರದ ದಾಯಾದಿಯೂ ಮಹಾ ಸಿರಿವಂತನೂ ಆದ ಗಾಲ್ಫಿನ ವಿಷಯವನ್ನು. ಜತ್ತಕ್ಕೂ ಗಾಲ್ಫಿಗೂ ಏನು ನಂಟು ಎಂದು ಓದುಗರು ಹುಬ್ಬೇರಿಸಿದರೆ ಅದು ನ್ಯಾಯವೇ ಸರಿ. ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಮೇಲೆ ಬಂದ ಡಫಳಾಪುರದ ಡಫಳೆ ಮನೆತನದ ಆಳ್ವಿಕೆಯಲ್ಲಿದ್ದು, ಆಂಗ್ಲರ ಕಾಲದಲ್ಲಿ ಬಿಜಾಪುರ ಏಜೆನ್ಸಿಗೆ ಸೇರಿ, ೧೯೪೮ರ ಮಾರ್ಚಿಯಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ದಕ್ಷಿಣ ಸಾತಾರಾ ಜಿಲ್ಲೆಯ ಭಾಗವೆನಿಸಿ, ಆ ಜಿಲ್ಲೆಗೆ ೧೯೬೦ರಲ್ಲಿ ಸಾಂಗಲಿ ಎಂಬ ಹೆಸರು ಬಂದಾಗ ಅದರೊಡನೆ ತಾನೂ ಸಾಂಗಲಿಯದಾದ ಈ ಹಳೆಯ ಸಂಸ್ಥಾನದ ನೆಲದಲ್ಲಿ ಮಳೆ ಕಡಮೆ, ಕಲ್ಲು ಹೆಚ್ಚು; ಹಸುರು ಹುಲ್ಲಿನ ಹಾಸಿಗೆ ಬೇಡುವ ಆಟಕ್ಕೆ ಇದು ಹೇಳಿ ಮಾಡಿಸಿದ ಸ್ಥಳವಲ್ಲ. ಆದರೆ ಈ ನೆಲದ ಮಕ್ಕಳು ಬೆಂಗಳೂರು ಪುಣೆಗಳ ಕಚೇರಿಗಳಿಗೆ ಹೋಗಿ, ನಡುವಯಸ್ಸಿಗೆ ಬಂದು, ವೈದ್ಯರ ಮಾತಿನಿಂದಲೋ ಮೇಲಧಿಕಾರಿಯ ಸಹವಾಸದಿಂದಲೋ ಗಾಲ್ಫಿನ ಕೋಲು ಹಿಡಿಯುವುದುಂಟು. ಹಿಡಿದ ಕೆಲವು ತಿಂಗಳಲ್ಲಿಯೇ, ತಮ್ಮ ಆಟದ ಲೆಕ್ಕವಿಡಲು ಯಾವ ಆ್ಯಪ್ ಒಳ್ಳೆಯದು, ಯಾವ ಗಡಿಯಾರ, ಯಾವ ದೂರಮಾಪಕ ಎಂದು ವಿಚಾರಿಸತೊಡಗುವುದೂ ಉಂಟು. ಆ ಪ್ರಶ್ನೆಗೆ ಅಂಗಡಿಯವನ ಉತ್ತರ ಒಂದು ಬಗೆಯದು. ಇತಿಹಾಸದ ಉತ್ತರ ಬೇರೆ ಬಗೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಅಗ್ಗದ್ದು.

ಕುರಿ ಕಾಯುವವರು ಬಾಗಿದ ಕೋಲಿನಿಂದ ಬೆಣಚುಕಲ್ಲುಗಳನ್ನು ಮೊಲದ ಬಿಲಗಳತ್ತ ಹೊಡೆದುದರಿಂದ ಗಾಲ್ಫ್ ಹುಟ್ಟಿತೆಂಬ ಐತಿಹ್ಯವನ್ನು ಇತಿಹಾಸಕಾರರು ಒಪ್ಪಲಿ ಬಿಡಲಿ, ಕುರಿಗೂ ಗಾಲ್ಫಿಗೂ ಇದ್ದ ಸಂಬಂಧ ಮಾತ್ರ ಸುಳ್ಳಲ್ಲ. ಸ್ಕಾಟ್ಲಂಡಿನ ಕಡಲಂಚಿನ ಮರಳುನೆಲದ ಹುಲ್ಲನ್ನು, ಯಂತ್ರಗಳಿಲ್ಲದ ಶತಮಾನಗಳಲ್ಲಿ, ಮೇಯ್ದು ಮೇಯ್ದು ಆಟಕ್ಕೆ ತಕ್ಕಷ್ಟು ತಗ್ಗಿಸಿದವು ಕುರಿಗಳೇ. ಚಳಿಗಾಳಿಗೆ ಮರೆಯಾಗಿ ಅವು ಒತ್ತೊತ್ತಿ ಮಲಗಿ ಸವೆಸಿದ ಮರಳು ತಗ್ಗುಗಳೇ ಬಂಕರುಗಳಾದುವೆಂದು ಹೇಳುವುದುಂಟು. ಎದ್ದ ಮೂಗಿನ, ಬಿಳಿಯ ಮೈಮೇಲೆ ಕಂದು ಮಚ್ಚೆಗಳ ಮಾಡಗ್ಯಾಳದ ಕುರಿಯನ್ನು ತಮ್ಮ ತಾಲೂಕಿನ ಹೆಮ್ಮೆಯೆಂದು ಬಗೆಯುವ ಜತ್ತದ ಜನಕ್ಕೆ ಈ ಸಂಗತಿ ಅಪ್ರಿಯವಾಗಲಾರದು. ಜನರು ಬಿಲ್ವಿದ್ಯೆಯ ಅಭ್ಯಾಸವನ್ನು ಬಿಟ್ಟು ಈ ಆಟದ ಬೆನ್ನುಹತ್ತಿದರೆಂದು ೧೪೫೭ರಲ್ಲಿ ಎರಡನೆಯ ಜೇಮ್ಸ್ ದೊರೆಯ ಕಾಲದ ಪಾರ್ಲಿಮೆಂಟು ಗಾಲ್ಫನ್ನು ನಿಷೇಧಿಸಿತು. ಆ ನಿಷೇಧವೇ ಗಾಲ್ಫಿನ ಬಗೆಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ಉಲ್ಲೇಖವೆಂಬುದು ವಿನೋದಕರವಾಗಿದೆ.

ತನ್ನ ಆಟವನ್ನು ತಾನೇ ಬರೆದಿಟ್ಟುಕೊಂಡು ಪರೀಕ್ಷಿಸಿದ ಮೊದಲ ಹವ್ಯಾಸಿಯಾಗಿ ನಮಗೆ ಗೊತ್ತಿರುವವನು ಥಾಮಸ್ ಕಿಂಕೇಡ್ ಎಂಬ ಎಡಿನ್‌ಬರೋ ನಗರದ ವೈದ್ಯವಿದ್ಯಾರ್ಥಿ. ೧೬೮೭ರಲ್ಲಿ ಅವನು ಬರೆದ ದಿನಚರಿಯಲ್ಲಿ, ಲೀತ್ ಬಯಲಿನಲ್ಲಿ ಆಡಿ ಬಂದ ದಿನಗಳ ವೃತ್ತಾಂತದ ಜೊತೆಗೆ, ಕಾಲುಗಳನ್ನು ಎಲ್ಲಿ ಊರಬೇಕು, ಮೈಯನ್ನು ಎಷ್ಟು ತಿರುಗಿಸಬೇಕು, ಕೈಗಳ ಸ್ನಾಯುಗಳನ್ನು ಎಷ್ಟು ಬಿಗಿಯಬೇಕು ಎಂಬ ವಿಚಾರಗಳೂ, ಅಸಮಬಲರಾದ ಇಬ್ಬರನ್ನು ಆಟದಲ್ಲಿ ಸಮಗೊಳಿಸಬೇಕಾದರೆ ದುರ್ಬಲನಿಗೆ ಯಾವ ಬಗೆಯ ರಿಯಾಯಿತಿ ಕೊಡುವುದು ಯುಕ್ತ ಎಂಬ ಜಿಜ್ಞಾಸೆಯೂ ಕಾಣಸಿಗುತ್ತವೆ. ಇಂದು ಲೋಹ, ಗಾಜು, ವಿದ್ಯುತ್ತುಗಳಿಂದ ಮಾಡಿ ಮಾರುತ್ತಿರುವ ಸಾಧನಗಳೆಲ್ಲವೂ ಆ ಹುಡುಗ ಗರಿಲೇಖನಿಯಿಂದ ಬರೆದ ಎರಡು ಪ್ರಶ್ನೆಗಳಿಗೇ ಉತ್ತರ ಹುಡುಕುತ್ತಿವೆ: ನಾನು ಹೊಡೆದ ಬಗೆ ಎಂತಹುದು, ಮತ್ತು ನನಗೂ ನನ್ನ ಎದುರಾಳಿಗೂ ಇರುವ ಅಂತರವೆಷ್ಟು. ಇವೆರಡರಲ್ಲಿ ಎರಡನೆಯದೇ ಬಹುಕಾಲ ಮುಖ್ಯವಾಗಿತ್ತು, ಏಕೆಂದರೆ ಆಟದ ಮೇಲೆ ಪಣ ಕಟ್ಟುತ್ತಿದ್ದರು.

ಆ ಕಾಲದ ಪಂದ್ಯದಲ್ಲಿ ಒಟ್ಟು ಏಟುಗಳ ಲೆಕ್ಕವೇ ಇರಲಿಲ್ಲ. ಒಂದೊಂದು ಕುಳಿಯನ್ನು ಯಾರು ಗೆದ್ದರೆಂಬುದಷ್ಟೇ ಮುಖ್ಯವಾಗಿ, ಆ ಕುಳಿ ಮುಗಿದೊಡನೆ ಅದರ ಲೆಕ್ಕವೂ ಮರೆತುಹೋಗುತ್ತಿತ್ತು. ೧೭೪೪ರಲ್ಲಿ ಲೀತ್‌ನ ಆಟಗಾರರು ಹದಿಮೂರು ನಿಯಮಗಳನ್ನು ಬರೆದರು; ೧೭೫೯ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಇಡೀ ಸುತ್ತಿನ ಏಟುಗಳನ್ನು ಕೂಡಿಸಿ ಗೆಲವನ್ನು ನಿರ್ಧರಿಸುವ ಪದ್ಧತಿ ಬಂದಿತು; ೧೭೬೪ರಲ್ಲಿ ಅದೇ ಊರಿನ ಅಂಗಳದ ಇಪ್ಪತ್ತೆರಡು ಕುಳಿಗಳು ಹದಿನೆಂಟಾದುವು. ಏಟುಗಳನ್ನು ಕೂಡಿಸಬೇಕೆಂದ ಕೂಡಲೆ ಬರೆದಿಡಬೇಕಾಯಿತು, ಬರೆದಿಡಬೇಕೆಂದ ಕೂಡಲೆ ಬರೆದುದನ್ನು ನಂಬುವುದು ಹೇಗೆಂಬ ಪ್ರಶ್ನೆಯೂ ಎದ್ದಿತು. ೧೮೯೦ರಲ್ಲಿ ಕೊವೆಂಟ್ರಿಯ ಹ್ಯೂ ರಾಥರ್‌ಹ್ಯಾಮ್ ಎಂಬಾತ, ತಪ್ಪಿಲ್ಲದೆ ಆಡುವ ಒಬ್ಬ ಕಾಲ್ಪನಿಕ ಆಟಗಾರನಿಗೆ ಪ್ರತಿಯೊಂದು ಕುಳಿಗೆ ಎಷ್ಟು ಏಟು ಬೇಕಾದೀತೆಂದು ಗೊತ್ತುಮಾಡಿ, ಆ ಅದೃಶ್ಯ ಎದುರಾಳಿಯೊಡನೆ ಆಡುವ ಕ್ರಮವನ್ನು ಸೂಚಿಸಿದನು. ಬೋಗಿ ಎಂಬ ಹೆಸರು ಅಂಟಿಕೊಂಡ ಆ ಎದುರಾಳಿಗೆ ಸೋಲು, ಸಂತೋಷ, ದಣಿವು ಯಾವುವೂ ಇರಲಿಲ್ಲ. ಒಬ್ಬಂಟಿಯಾಗಿಯೇ ಆಡುತ್ತ ತನ್ನನ್ನು ತಾನು ಅಳೆದುಕೊಳ್ಳುವ ಆಧುನಿಕನ ವಂಶಾವಳಿ ಅಲ್ಲಿಂದ ಮೊದಲಾಗುತ್ತದೆ.

ಭಾರತಕ್ಕೆ ಈ ಆಟ ಬಂದುದು ಬೇಗ. ಕಲಕತ್ತೆಯ ಗಾಲ್ಫ್ ಕ್ಲಬ್ಬು ೧೮೨೯ರದು. ಬ್ರಿಟಿಷ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯದಿಲ್ಲ. ೧೮೦೯ರಲ್ಲಿ ದಂಡು ಬಂದು ನೆಲಸಿದ ಬೆಂಗಳೂರಿನಲ್ಲಿ ೧೮೭೬ರಲ್ಲಿ, ಮೈಸೂರು ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸುವುದಕ್ಕೆ ಐದು ವರ್ಷ ಮೊದಲೇ, ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿತು. ಕೋಲಾರದ ಚಿನ್ನದ ಗಣಿಗಳ ಆಂಗ್ಲ ಅಧಿಕಾರಿಗಳು ತಮ್ಮ ಕ್ಲಬ್ಬಿನ ಮಗ್ಗುಲಿಗೆ ಒಂದು ಅಂಗಳವನ್ನು ಮಾಡಿಕೊಂಡರು. ಕೊಡಗಿನ ಕಾಫಿ ತೋಟಗಾರರೂ ಹಿಂದೆ ಬೀಳಲಿಲ್ಲ. ನೀರಿಲ್ಲದೆಡೆ ಹುಲ್ಲಿಗೆ ಬದಲು ಮರಳಿಗೆ ಎಣ್ಣೆ ಬೆರೆಸಿ ತಟ್ಟಿ ನಯಮಾಡಿದ ಕಂದು ಅಂಗಳದಲ್ಲಿಯೇ ಚೆಂಡನ್ನು ಕುಳಿಗೆ ಉರುಳಿಸುವುದು ಈ ದೇಶದಲ್ಲಿ ಸಾಮಾನ್ಯವಾಗಿತ್ತು. ಅದನ್ನು ಗ್ರೀನ್ ಎನ್ನದೆ ಬ್ರೌನ್ ಎಂದೇ ಕರೆದರು. ಜತ್ತದಲ್ಲಿ ಯಾರಾದರೂ ಗಾಲ್ಫ್ ಅಂಗಳ ಮಾಡಹೊರಟಿದ್ದರೆ ಅದು ಈ ಜಾತಿಯದೇ ಆಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆ ಅಂಗಳಗಳಲ್ಲಿ ಆಟಗಾರನ ಲೆಕ್ಕವಿಟ್ಟವನು ಯಾರು? ಕ್ಯಾಡಿ. ೧೬೮೧ರ ಸುಮಾರಿಗೆ ಯಾರ್ಕಿನ ಡ್ಯೂಕನ ಕೋಲುಗಳನ್ನು ಹೊತ್ತು, ಮುಂದೆ ಓಡಿ, ಚೆಂಡು ಎಲ್ಲಿ ಬಿದ್ದಿತೆಂದು ನೋಡಿ ಹೇಳುತ್ತಿದ್ದ ಆಂಡ್ರೂ ಡಿಕ್ಸನ್ ಎಂಬ ಹುಡುಗನು ಚರಿತ್ರೆಗೆ ಸಿಕ್ಕುವ ಮೊದಲ ಕ್ಯಾಡಿ. ಬೆಂಗಳೂರಿನ ಕ್ಯಾಡಿಗಳ ಹೆಸರುಗಳನ್ನು ಚರಿತ್ರೆ ಹಾಗೆ ಎತ್ತಿಡಲಿಲ್ಲ. ಆದರೆ ಸಾಹೇಬನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಿನಲ್ಲಿ ನಡೆದ ಆ ಹುಡುಗರು ಮಾಡುತ್ತಿದ್ದ ಕಾರ್ಯವನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಇಂದಿನ ಯಂತ್ರಗಳ ಪಟ್ಟಿಯೇ ಕಣ್ಣ ಮುಂದೆ ಬರುತ್ತದೆ. ಕುಳಿಯ ಗುರುತಾದ ಧ್ವಜಕ್ಕೆ ಇನ್ನೆಷ್ಟು ಗಜ ಉಳಿದಿದೆಯೆಂಬುದನ್ನು ಯಾವ ಮರದ ನೇರಕ್ಕೆ ಚೆಂಡಿದೆಯೆಂಬುದರಿಂದ ಅವರು ಹೇಳಬಲ್ಲರು. ಏರಿನಲ್ಲಿ ಒಂದು ಕೋಲು ಹೆಚ್ಚಿನದು, ಇಳಿಜಾರಿನಲ್ಲಿ ಒಂದು ಕಡಮೆಯದು. ಮಳೆ ಬಂದ ಮರುದಿನ ಚೆಂಡು ಉರುಳುವುದಿಲ್ಲ. ಮಧ್ಯಾಹ್ನದ ಗಾಳಿ ಪಡುವಣದಿಂದ ಬೀಸುತ್ತದೆ. ಇವೆಲ್ಲ ಅವರಿಗೆ ಬಾಯಿಪಾಠ. ಎಲ್ಲಕ್ಕಿಂತ ಹೆಚ್ಚಾಗಿ, ಯಲ್ಲಮ್ಮನ ಜಾತ್ರೆಯಲ್ಲಿ ದನದ ದಲಾಲಿ ಎತ್ತಿನ ಹಲ್ಲು ನೋಡಿ ಅದರ ಪ್ರಾಯವನ್ನು ಹೇಳುವಂತೆ, ಆಟಗಾರನು ಚೆಂಡಿನ ಮುಂದೆ ನಿಂತ ನಿಲುವನ್ನು ನೋಡಿಯೇ ಆ ಏಟು ಬಲಕ್ಕೆ ಹೋಗುವುದೋ ಎಡಕ್ಕೆ ಹೋಗುವುದೋ ಎಂದು ಅವರು ಮೊದಲೇ ಅರಿಯಬಲ್ಲವರಾಗಿದ್ದರು. ಅರಿತುದನ್ನೆಲ್ಲ ಹೇಳಬಾರದೆಂಬ ವಿವೇಕವೂ ಅವರಲ್ಲಿದ್ದಿತು. ನಮ್ಮ ಕಾಲದ ಗಡಿಯಾರಗಳಲ್ಲಿ ಈ ಒಂದು ಗುಣದ ಕೊರತೆ ಎದ್ದು ತೋರುತ್ತದೆ. ಬಿಡದಿಯ ಬಳಿಯ ಈಗಲ್‌ಟನ್ ಅಂಗಳದ ಮಗ್ಗುಲ ಹಳ್ಳಿಯ ಬಡಮನೆಯಿಂದ ಬಂದು ವೃತ್ತಿಪರ ಆಟಗಾರನಾಗಿ ಬೆಳೆದ ಚಿಕ್ಕರಂಗಪ್ಪನವರಂಥವರನ್ನು ನೆನೆದಾಗ, ಚೀಲ ಹೊರುವ, ಚೆಂಡು ಹೆಕ್ಕುವ ಹುಡುಗರ ಆ ಕಣ್ಣುಗಳಲ್ಲಿ ಎಷ್ಟು ಜ್ಞಾನ ಸಂಗ್ರಹವಾಗಿದ್ದಿತೆಂಬುದು ಊಹೆಗೆ ಸಿಕ್ಕುತ್ತದೆ.

ಕ್ಯಾಡಿಯ ಬಾಯಿಲೆಕ್ಕದ ಜೊತೆಯಲ್ಲಿ ಬೆಳೆದುದು ಸ್ಕೋರ್‌ಕಾರ್ಡು. ಅದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡತಕ್ಕದ್ದು. ಜೇಬಿನಲ್ಲಿ ಹಿಡಿಸುವಂತೆ ಮಡಿಸಿದ ಗಟ್ಟಿ ಕಾಗದ; ಅಡ್ಡಸಾಲಿನಲ್ಲಿ ಹದಿನೆಂಟು ಕುಳಿಗಳು; ಪ್ರತಿಯೊಂದರ ಕೆಳಗೆ ಅದರ ದೂರ ಗಜಗಳಲ್ಲಿ, ಅದರ ಪಾರ್, ಎಂದರೆ ಅದನ್ನು ಮುಗಿಸಲು ಗೊತ್ತುಮಾಡಿದ ಏಟುಗಳ ಸಂಖ್ಯೆ, ಮತ್ತು ಕಾಠಿನ್ಯದ ಕ್ರಮದಲ್ಲಿ ಅದಕ್ಕೆ ಸಂದ ಸ್ಥಾನ; ಇವುಗಳ ಕೆಳಗೆ ಎರಡು ಬರಿಯ ಸಾಲುಗಳು, ಒಂದು ಆಟಗಾರನಿಗೆ, ಒಂದು ಅವನ ಜೊತೆಗಾರನಿಗೆ; ಕೊನೆಯಲ್ಲಿ ಸಹಿಗೆ ಎರಡು ಗೆರೆ. ಇಲ್ಲಿಯ ಸೂಕ್ಷ್ಮವಾದ ಏರ್ಪಾಡೇನೆಂದರೆ, ಸ್ಪರ್ಧೆಯಲ್ಲಿ ನನ್ನ ಕಾರ್ಡನ್ನು ನಾನು ಬರೆಯುವಂತಿಲ್ಲ; ನನ್ನ ಜೊತೆಗಾರನು ನನ್ನದನ್ನು, ನಾನು ಅವನದನ್ನು ಬರೆದು, ಕೊನೆಯಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಬೇಕು. ೧೯೬೮ರ ಮಾಸ್ಟರ್ಸ್ ಸ್ಪರ್ಧೆಯ ಕೊನೆಯ ದಿನ ಅರ್ಜೆಂಟೀನದ ರೊಬರ್ಟೊ ಡಿ ವಿಸೆಂಜೊ ಹದಿನೇಳನೆಯ ಕುಳಿಯನ್ನು ಮೂರು ಏಟಿನಲ್ಲಿ ಮುಗಿಸಿದ್ದರೂ ಜೊತೆಗಾರನಾದ ಟಾಮಿ ಆರನ್ ಕೈತಪ್ಪಿ ನಾಲ್ಕು ಎಂದು ಬರೆದನು; ಡಿ ವಿಸೆಂಜೊ ಅದನ್ನು ಗಮನಿಸದೆ ಸಹಿ ಹಾಕಿದನು; ಸಹಿ ಬಿದ್ದ ಮೇಲೆ ಹೆಚ್ಚಿನ ಸಂಖ್ಯೆಯೇ ಸ್ಥಿರವೆಂಬ ನಿಯಮದಿಂದ ೬೫ ಇದ್ದುದು ೬೬ ಆಗಿ, ಬಾಬ್ ಗೋಲ್ಬಿಯೊಡನೆ ಸಮಗೈಯಾಗಿ ಮರುದಿನ ಆಡಬೇಕಾಗಿದ್ದವನು ಎರಡನೆಯವನಾದನು. ಅದು ಅವನ ನಲವತ್ತೈದನೆಯ ಹುಟ್ಟುಹಬ್ಬದ ದಿನ. ಸಹಸ್ರಾರು ಪ್ರೇಕ್ಷಕರೂ ದೂರದರ್ಶನವೂ ಮೂರನ್ನೇ ಕಂಡಿದ್ದರೂ ಕಾರ್ಡು ನಾಲ್ಕೆಂದುದೇ ಸತ್ಯವಾಯಿತು. ಇದು ಕ್ರೌರ್ಯವೆಂದು ಹೇಳುವವರಿದ್ದಾರೆ. ಲೆಕ್ಕದ ಹೊಣೆ ಆಟಗಾರನದೇ ಎಂಬುದನ್ನು ಇಷ್ಟು ನಿಷ್ಠುರವಾಗಿ ಎತ್ತಿಹಿಡಿದ ಆಟ ಬೇರೊಂದಿಲ್ಲವೆಂಬುದು ನನ್ನ ಎಣಿಕೆ. ಅದರ ಮತ್ತೊಂದು ಮುಖವನ್ನು ೧೯೨೫ರಲ್ಲಿ, ಆಗ ಹವ್ಯಾಸಿಯಾಗಿದ್ದು ಮುಂದೆ ವಕೀಲನಾದ ಬಾಬಿ ಜೋನ್ಸ್ ತೋರಿಸಿದನು. ಅಮೆರಿಕದ ಓಪನ್ ಸ್ಪರ್ಧೆಯಲ್ಲಿ ಬೇರೆ ಯಾರ ಕಣ್ಣಿಗೂ ಬೀಳದಂತೆ ತನ್ನ ಚೆಂಡು ಕೊಂಚ ಅಲುಗಿತೆಂದು ತಾನೇ ಒಪ್ಪಿ ಒಂದು ಏಟಿನ ದಂಡವನ್ನು ತನ್ನ ಮೇಲೆ ಹೇರಿಕೊಂಡು, ಆ ಒಂದು ಏಟಿನಿಂದಾಗಿ ಗೆಲವು ಕೈತಪ್ಪಿ, ಸಮಬಲದ ಮರುಪಂದ್ಯದಲ್ಲಿ ವಿಲಿ ಮ್ಯಾಕ್‌ಫರ್ಲೇನ್‌ಗೆ ಸೋತನು.

ಕಾರ್ಡುಗಳು ಕೂಡಿಬಿದ್ದ ಮೇಲೆ ಕಿಂಕೇಡನ ಎರಡನೆಯ ಪ್ರಶ್ನೆಗೆ ಗಣಿತದ ಉತ್ತರ ಸಾಧ್ಯವಾಯಿತು. ಹ್ಯಾಂಡಿಕ್ಯಾಪ್ ಎಂಬ ಈ ರಿಯಾಯಿತಿಯನ್ನು ದೇಶವ್ಯಾಪಿಯಾಗಿ ಏಕರೂಪಗೊಳಿಸುವ ಕೆಲಸವನ್ನು ಗಂಡಸರಿಗಿಂತ ಮೊದಲು ಸಾಧಿಸಿದವರು ಹೆಂಗಸರು: ೧೮೯೩ರಲ್ಲಿ ಸ್ಥಾಪಿತವಾದ ಬ್ರಿಟನ್ನಿನ ಮಹಿಳಾ ಗಾಲ್ಫ್ ಒಕ್ಕೂಟದ ಇಸೆಟ್ ಪಿಯರ್ಸನ್, ಕ್ಲಬ್ಬು ಕ್ಲಬ್ಬಿಗೂ ಬೇರೆಬೇರೆಯಾಗಿದ್ದ ಅಂದಾಜುಗಳನ್ನು ತೊಡೆದು, ಒಂದೇ ಅಳತೆಗೋಲಿಗೆ ಎಲ್ಲರನ್ನೂ ಒಳಪಡಿಸಿದಳು. ಗಂಡಸರ ಕ್ಲಬ್ಬುಗಳು ತಮ್ಮ ತಮ್ಮ ಕಾರ್ಯದರ್ಶಿಗಳ ಮರ್ಜಿಯನ್ನು ಬಿಟ್ಟುಕೊಡಲು ಇನ್ನಷ್ಟು ಕಾಲ ಹಿಡಿಯಿತು. ಅಮೆರಿಕದಲ್ಲಿ ಲೇಟನ್ ಕಾಲ್ಕಿನ್ಸ್ ೧೯೦೫ರಲ್ಲಿ ವರ್ಷದ ಅತ್ಯುತ್ತಮವಾದ ಮೂರು ಸುತ್ತುಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಳ್ಳಬೇಕೆಂದು ಸೂಚಿಸಿದನು. ೧೯೧೧ರಲ್ಲಿ ರಾಷ್ಟ್ರೀಯ ಪದ್ಧತಿಯೊಂದು ಅಲ್ಲಿ ಜಾರಿಗೆ ಬಂದಿತು. ಒಂದು ಕುಳಿಯಲ್ಲಿ ಕೆಟ್ಟ ಹವ್ಯಾಸಿ ಇಡೀ ದಿನವನ್ನೇ ಕೆಡಿಸಿಕೊಳ್ಳುವುದನ್ನು ನೋಡಿ ಮರುಗಿದ ಫ್ರ್ಯಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯನು, ಏಟುಗಳ ಮೊತ್ತಕ್ಕೆ ಬದಲಾಗಿ ಕುಳಿಗಿಷ್ಟು ಅಂಕಗಳೆಂಬ ಕ್ರಮವನ್ನು ಕಲ್ಪಿಸಿ, ಅದನ್ನು ೧೯೩೨ರ ಮೇ ತಿಂಗಳಿನಲ್ಲಿ ವಾಲಸಿ ಕ್ಲಬ್ಬಿನಲ್ಲಿ ಆಡಿಸಿದನು. ಹ್ಯಾಂಡಿಕ್ಯಾಪನ್ನು ಕಳೆದು ಪಾರ್ ಆದರೆ ಎರಡು ಅಂಕ, ಒಂದು ಏಟು ಹೆಚ್ಚಾದರೆ ಒಂದು, ಕಡಮೆಯಾದರೆ ಮೂರು, ತೀರ ಕೆಟ್ಟರೆ ಸೊನ್ನೆ. ಸೊನ್ನೆಗಿಂತ ಕೆಳಗೆ ಯಾರನ್ನೂ ತಳ್ಳುವಂತಿಲ್ಲ. ವೈದ್ಯರು ಮಾಡಿದ ಲೆಕ್ಕದಲ್ಲಿ ದಯೆ ಇರುವುದು ಸಹಜವೇ. ದೇಶ ದೇಶಕ್ಕೂ ಬೇರೆಯಾಗಿದ್ದ ಪದ್ಧತಿಗಳು ೨೦೨೦ರಲ್ಲಿ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಾಗಿ ಒಂದುಗೂಡಿದುವು. ಆಟಗಾರನ ಇತ್ತೀಚಿನ ೨೦ ಸುತ್ತುಗಳಲ್ಲಿ ಅತ್ಯುತ್ತಮವಾದ ೮ರ ಸರಾಸರಿಯೇ ಈಗ ಅವನ ಬಲದ ಅಳತೆ. ಇಷ್ಟೂ ಚರಿತ್ರೆಯನ್ನು ನೋಡಿದರೆ ಹವ್ಯಾಸಿಯ ಲೆಕ್ಕ ಹುಟ್ಟಿದುದು ಅವನನ್ನು ಉದ್ಧರಿಸುವುದಕ್ಕಾಗಿ ಅಲ್ಲ, ಬಲ್ಲಿದನೂ ದುರ್ಬಲನೂ ಒಂದು ಬೆಳಗ್ಗೆ ಒಟ್ಟಿಗೆ ಆಡಿ ಇಬ್ಬರೂ ಸಂತೋಷಪಡಲೆಂದು, ಎಂಬುದು ಸ್ಪಷ್ಟವಾಗುತ್ತದೆ.

ಉದ್ಧಾರದ ಹಂಬಲ ಬಂದುದು ಯಂತ್ರಗಳೊಡನೆ. ಅಮೆರಿಕದ ಸರಕಾರವು ತನ್ನ ಉಪಗ್ರಹಗಳ ಸಂಕೇತಗಳನ್ನು ನಾಗರಿಕರ ಪಾಲಿಗೆ ಬೇಕೆಂದೇ ಮಸುಕುಗೊಳಿಸಿದ್ದ ಪದ್ಧತಿಯನ್ನು ೨೦೦೦ದ ಮೇ ಆರಂಭದಲ್ಲಿ ನಿಲ್ಲಿಸಿದಾಗ, ಅದುವರೆಗೆ ನೂರು ಮೀಟರಿನಷ್ಟು ತಪ್ಪುತ್ತಿದ್ದ ಜಿಪಿಎಸ್ ಒಂದು ರಾತ್ರಿಯಲ್ಲಿ ಕೆಲವೇ ಮೀಟರುಗಳಿಗೆ ಇಳಿಯಿತು. ಗಾಲ್ಫಿನ ಅಂಗೈ ಯಂತ್ರಗಳ ವ್ಯಾಪಾರ ಕುದುರಿದುದು ಅದರ ಬೆನ್ನಲ್ಲೇ. ದೂರಮಾಪಕಗಳನ್ನು ನಿಯಮಗಳು ಮೊದಲು ಒಪ್ಪಿರಲಿಲ್ಲ. ೨೦೦೬ರಲ್ಲಿ, ಕ್ಲಬ್ಬುಗಳು ಬಯಸಿದರೆ ಸ್ಥಳೀಯ ನಿಯಮದಿಂದ ಅನುಮತಿಸಬಹುದೆಂದಾಯಿತು. ೨೦೧೯ರಿಂದ ಅನುಮತಿಯೇ ಸಾಮಾನ್ಯ, ನಿಷೇಧವೇ ವಿಶೇಷ. ಡೆನ್ಮಾರ್ಕಿನಲ್ಲಿ ೨೦೦೩ರಲ್ಲಿ ಪ್ರಾರಂಭವಾದ ಟ್ರ್ಯಾಕ್‌ಮ್ಯಾನ್ ಸಂಸ್ಥೆಯು ರೇಡಾರಿನಿಂದ ಚೆಂಡಿನ ಹಾರಾಟವನ್ನು ಹಿಂಬಾಲಿಸಿ ಅದರ ವೇಗ, ಕೋನ, ತಿರುಗುವಿಕೆಗಳನ್ನು ಅಂಕಿಗಳಲ್ಲಿ ಹೇಳತೊಡಗಿತು. ಚೆಂಡು ಹೊರಡುವ ದಿಕ್ಕನ್ನು ಕೋಲು ಬೀಸಿದ ದಾರಿಯೇ ನಿರ್ಧರಿಸುತ್ತದೆಂದು ತಲೆಮಾರುಗಳ ಕಾಲ ಗುರುಗಳು ಬೋಧಿಸಿದ್ದುದು ತಪ್ಪೆಂದೂ, ತಾಗುವ ಕ್ಷಣದಲ್ಲಿ ಕೋಲಿನ ಮುಖ ಎತ್ತ ನೋಡುತ್ತಿದ್ದಿತೋ ಆ ದಿಕ್ಕಿಗೇ ಅದು ಬಹುಮಟ್ಟಿಗೆ ಹೊರಡುತ್ತದೆಂದೂ ಈ ಯಂತ್ರಗಳಿಂದ ಲೋಕಕ್ಕೆ ಮನವರಿಕೆಯಾಯಿತು. ೧೯೬೮ರಲ್ಲಿಯೇ ಕಾಕ್ರನ್ ಮತ್ತು ಸ್ಟಾಬ್ಸ್ ಇದನ್ನು ಪುಸ್ತಕದಲ್ಲಿ ಬರೆದಿದ್ದರು. ಪುಸ್ತಕವನ್ನು ನಂಬದ ಜನ ಪರದೆಯನ್ನು ನಂಬಿದರು.

ಇವೆಲ್ಲಕ್ಕಿಂತ ಬೆಲೆಯುಳ್ಳ ಹೊಸ ವಿಚಾರ ಯಂತ್ರದ್ದಲ್ಲ, ಲೆಕ್ಕದ್ದು. ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ, ವೃತ್ತಿಪರರ ಪ್ರತಿಯೊಂದು ಏಟನ್ನೂ ಲೇಸರುಗಳಿಂದ ಅಳೆದು ಕೂಡಿಹಾಕಿದ ಬೃಹತ್ ಸಂಗ್ರಹವನ್ನು ಆಧರಿಸಿ, ಯಾವ ದೂರದಿಂದ ಕುಳಿ ಸೇರಲು ಸರಾಸರಿ ಎಷ್ಟು ಏಟು ಹಿಡಿಯುತ್ತದೆಂಬುದನ್ನು ನಿಷ್ಕರ್ಷಿಸಿದನು. ಎಂಟು ಅಡಿಯಿಂದ ವೃತ್ತಿಪರರು ಎರಡಕ್ಕೊಂದು ಸಲ ಒಂದೇ ಏಟಿನಲ್ಲಿ ಮುಗಿಸುತ್ತಾರೆ; ಆದುದರಿಂದ ಆ ದೂರದ ಬೆಲೆ ಒಂದೂವರೆ ಏಟು. ಅಲ್ಲಿಂದ ಒಂದೇ ಏಟಿನಲ್ಲಿ ಮುಗಿಸಿದವನು ಅರ್ಧ ಏಟನ್ನು ಗಳಿಸಿದನು, ಎರಡು ತೆಗೆದುಕೊಂಡವನು ಅರ್ಧ ಏಟನ್ನು ಕಳೆದುಕೊಂಡನು. ಹೀಗೆ ಪ್ರತಿ ಏಟಿನ ಲಾಭನಷ್ಟವನ್ನೂ ಬರೆದರೆ ದಿನದ ಕೊನೆಗೆ ಸೋರಿಕೆ ಎಲ್ಲಿಯೆಂದು ಗೊತ್ತಾಗುತ್ತದೆ. ೨೦೧೧ರಲ್ಲಿ ಅಮೆರಿಕದ ವೃತ್ತಿಪರ ಸಂಘವು ಪಟ್ ಮಾಡುವುದಕ್ಕೆ, ಎಂದರೆ ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವುದಕ್ಕೆ, ಸಂಬಂಧಿಸಿದಂತೆ ಇದನ್ನು ಸ್ವೀಕರಿಸಿತು. ಆಟದ ಗುಟ್ಟೆಲ್ಲ ಪಟ್ ಮಾಡುವುದರಲ್ಲಿದೆಯೆಂಬ ಹಳೆಯ ನಂಬಿಕೆಯನ್ನು ಬ್ರಾಡಿಯ ಲೆಕ್ಕ ಒಡೆಯಿತು. ಒಳ್ಳೆಯ ಆಟಗಾರರಿಗೂ ಸಾಧಾರಣರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರನೆಯ ಎರಡು ಪಾಲು ದೂರದ ಏಟುಗಳಿಂದಲೇ ಬರುತ್ತದೆಂದು ಅದು ತೋರಿಸಿತು.

ಹಾಗೆಂದು ಎಲ್ಲರೂ ದೂರ ಹೊಡೆಯುವುದನ್ನೇ ಕಲಿಯಬೇಕೆಂದು ಹೊರಡುವವರು ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಬೇಕು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ತಾಯಿಯೇ ಕ್ಯಾಡಿಯಾಗಿ ಚೀಲ ಹೊತ್ತು ಜೊತೆಯಲ್ಲಿ ನಡೆಯುತ್ತಿರಲು, ದೂರದ ಏಟುಗಳಲ್ಲಿ ತನಗಿಂತ ಬಲಿಷ್ಠರಾದವರ ನಡುವೆ ಪಟ್ ಮಾಡುವ ಚಾತುರ್ಯವೊಂದರಿಂದಲೇ ಕೊನೆಯ ದಿನದವರೆಗೆ ಪದಕದ ಸ್ಪರ್ಧೆಯಲ್ಲಿದ್ದು, ಪಾರ್‌ಗಿಂತ ಹದಿನೈದು ಕಡಮೆ ಏಟುಗಳಲ್ಲಿ ಮುಗಿಸಿ, ಒಂದೇ ಏಟಿನ ಅಂತರದಿಂದ ಪದಕ ತಪ್ಪಿ ಅವರು ನಾಲ್ಕನೆಯವರಾದರು. ಸರಾಸರಿ ಹೇಳುವುದು ಸಮುದಾಯದ ಮಾತನ್ನು. ಒಬ್ಬೊಬ್ಬರ ಸೋರಿಕೆ ಒಂದೊಂದು ಕಡೆ ಇರುತ್ತದೆ. ತನ್ನದು ಎಲ್ಲಿಯೆಂದು ಕಂಡುಕೊಳ್ಳುವುದಕ್ಕಷ್ಟೇ ಹವ್ಯಾಸಿಗೆ ಲೆಕ್ಕದ ಸಾಧನ ಬೇಕು.

ಈ ದೃಷ್ಟಿಯಿಂದ ನೋಡಿದರೆ ಕೊಳ್ಳುವ ಪ್ರಶ್ನೆ ಬಹಳ ಸರಳವಾಗುತ್ತದೆ. ಹೊಸಬನಿಗೆ ಕಾರ್ಡು ಪೆನ್ಸಿಲುಗಳಿಗಿಂತ ಹೆಚ್ಚಿನದೇನೂ ಬೇಡ; ಏಟುಗಳ ಜೊತೆಯಲ್ಲಿ ಪಟ್‌ಗಳೆಷ್ಟು, ದಂಡಗಳೆಷ್ಟು, ಮೊದಲ ಏಟು ಬಯಲಲ್ಲಿ ಬಿದ್ದಿತೋ ಪೊದೆಯಲ್ಲಿ ಬಿದ್ದಿತೋ ಎಂಬ ಮೂರು ಗುರುತುಗಳನ್ನು ಇಪ್ಪತ್ತು ಸುತ್ತುಗಳ ಕಾಲ ತಪ್ಪದೆ ಮಾಡಿದವನಿಗೆ ತನ್ನ ರೋಗದ ಅರ್ಧ ನಿದಾನ ತಾನಾಗಿಯೇ ಆಗಿರುತ್ತದೆ. ತರುವಾಯ ಬೇಕೆನಿಸಿದರೆ ಫೋನಿನಲ್ಲಿ ಉಚಿತವಾಗಿ ದೊರೆಯುವ ಆ್ಯಪ್‌ಗಳಲ್ಲೊಂದು ಸಾಕು; ತಾನು ಆಡುವ ಅಂಗಳದ ನಕ್ಷೆ ಅದರಲ್ಲಿದೆಯೇ, ಆ ನಕ್ಷೆ ಈಚಿನದೇ, ಬರೆದ ಲೆಕ್ಕವನ್ನು ಬೇರೆಡೆಗೆ ತೆಗೆದುಕೊಂಡು ಹೋಗಲು ಅದು ಬಿಡುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು, ಏಕೆಂದರೆ ವರ್ಷಗಳ ಲೆಕ್ಕವನ್ನು ಒತ್ತೆಯಿಟ್ಟುಕೊಂಡು ಚಂದಾ ಕೇಳುವ ವ್ಯಾಪಾರ ಈಗ ಹೆಚ್ಚುತ್ತಿದೆ. ದೂರಮಾಪಕಗಳಲ್ಲಿ ಲೇಸರಿನದು ಧ್ವಜದ ದೂರವನ್ನು ನಿಖರವಾಗಿ ಹೇಳುತ್ತದೆ, ಆದರೆ ಧ್ವಜ ಕಣ್ಣಿಗೆ ಬೀಳಬೇಕು, ಕೈ ನಡುಗಬಾರದು. ಗಡಿಯಾರದ ಜಿಪಿಎಸ್ ಗ್ರೀನಿನ ಮುಂಭಾಗ, ನಡು, ಹಿಂಭಾಗಗಳನ್ನಷ್ಟೇ ಹೇಳುತ್ತದೆ, ಆದರೆ ದಿಬ್ಬದ ಮರೆಯಲ್ಲಿಯೂ ಹೇಳುತ್ತದೆ. ಹವ್ಯಾಸಿಯ ಏಟು ಧ್ವಜವನ್ನು ತಾಕುವಷ್ಟು ನಿಖರವಾಗಿರುವುದು ಅಪರೂಪವಾದ ಕಾರಣ ನನ್ನ ಮತ ಗಡಿಯಾರದ ಕಡೆಗೆ. ಆರ್ಕೋಸ್, ಶಾಟ್ ಸ್ಕೋಪ್ ಮುಂತಾದವು ಪ್ರತಿ ಕೋಲಿನ ಹಿಡಿಯ ತುದಿಗೆ ಕೂರಿಸುವ ಪುಟ್ಟ ಬಿಲ್ಲೆಗಳು ಏಟು ಬಿದ್ದ ಜಾಗವನ್ನು ತಾವೇ ಗುರುತಿಸಿಕೊಳ್ಳುತ್ತವೆ. ವಾರಕ್ಕೊಮ್ಮೆಯಾದರೂ ಆಡಿ, ಆಡಿದ ಸಂಜೆ ಆ ಅಂಕಿಗಳನ್ನು ತೆರೆದು ನೋಡುವ ತಾಳ್ಮೆಯಿರುವವರಿಗೆ ಮಾತ್ರ ಅವು ಹಣಕ್ಕೆ ಮೋಸವಾಗವು. ಹಾರಾಟವನ್ನಳೆಯುವ ರೇಡಾರು ಮನೆಯಲ್ಲಿಡತಕ್ಕ ವಸ್ತುವಲ್ಲ. ಅದನ್ನಿಟ್ಟುಕೊಂಡ ಶಿಕ್ಷಕನಲ್ಲಿಗೆ ವರ್ಷಕ್ಕೆ ಕೆಲವು ಗಂಟೆ ಹೋಗಿ ಬರುವುದು ಲೇಸು, ಅಂಕಿಯ ಅರ್ಥವನ್ನು ಹೇಳುವವನೊಬ್ಬನು ಅಲ್ಲಿ ಪಕ್ಕದಲ್ಲಿರುತ್ತಾನೆ.

ಯಾವುದನ್ನು ಕೊಂಡರೂ ಏರುತಗ್ಗಿನ ಲೆಕ್ಕವನ್ನು ಹೇಳುವ ಗುಂಡಿಯನ್ನು ಸ್ಪರ್ಧೆಯ ದಿನ ಮುಚ್ಚಿಡಲು ಮರೆಯದಿರಿ, ಮತ್ತು ಆ ಅಂಗಳದ ಸ್ಥಳೀಯ ನಿಯಮವನ್ನು ಮೊದಲೇ ಕೇಳಿ ತಿಳಿಯಿರಿ. ಆ ಗುಂಡಿಯನ್ನು ಮೊದಲ ಸಲ ಬಳಸಿದ ತಪ್ಪಿಗೆ ಎರಡು ಏಟಿನ ದಂಡ, ಎರಡನೆಯ ಸಲದ ತಪ್ಪಿಗೆ ಸ್ಪರ್ಧೆಯಿಂದಲೇ ಹೊರಗೆ.